ದಫೇದಾರರ ಮೊದಲ ಪ್ರಶ್ನೆ

ಮೊನ್ನೆ ಇಸ್ತ್ರಿ ಅಂಗಡಿಯ ಮುಂದೆ ನನ್ನ ಸೀರೆಗಾಗಿ ಕಾಯುತ್ತ ನಿಂತಿದ್ದೆ. ಅಂಗಡಿಯವನು ಗಂಜಿ ಹಾಕಿದ ಬಿಳಿ ಅಂಗಿಯೊಂದಕ್ಕೆ ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆ ಒತ್ತಿದ. ಕಾದ ಗಂಜಿಯ ವಾಸನೆ ಎದ್ದಿತು. ಅಂಗಿಯ ತೋಳಿನ ಮೇಲೆ ಪಟ್ಟಿ ಇತ್ತು. ಟ್ರಾಫಿಕ್ ಪೊಲೀಸರ ಅಂಗಿ. ಯಾರದು ಎಂದು ನಾನು ಕೇಳಲಿಲ್ಲ. ಯಾರದೇ ಆಗಿರಲಿ, ನಮ್ಮ ಕೆಳಮನೆ ದಫೇದಾರರದಂತೂ ಅಲ್ಲ... ಸೀರೆ ತೆಗೆದುಕೊಂಡು ಮನೆಗೆ ಬಂದೆ.

ತುಮಕೂರಿನ ಬಟವಾಡಿಯಲ್ಲಿ ನಾವು ಮೇಲಿನ ಮನೆ, ಅವರು ಕೆಳಗಿನ ಮನೆ. ಇಬ್ಬರೂ ಬಾಡಿಗೆಯವರೇ. ಅವರು ಗುಬ್ಬಿ ಕಡೆಯವರು, ಟ್ರಾಫಿಕ್ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಹಳಬರು ಕರೆಯುವ ಹಾಗೆ ನಾನೂ ದಫೇದಾರರೇ ಎನ್ನುತ್ತಿದ್ದೆ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದವಳು. ಅವರ ಅಂಗಿಯ ಕಾಲರ್ ಸವೆದರೆ ಬಿಚ್ಚಿ, ಮಗುಚಿ ಹೊಲಿದುಕೊಡುತ್ತಿದ್ದೆ. ಹೊಗೆ ಕುಡಿದು ಕುಡಿದು ಅದು ಕಪ್ಪಾಗಿರುತ್ತಿತ್ತು. "ತುಮಕೂರಿನ್ ಹೊಗೆಯೆಲ್ಲ ನಮ್ ಬಚ್ಚಲಿಗೇ ಬರ್ತದೆ ಕಣಮ್ಮ" ಎಂದು ಅವರ ಹೆಂಡತಿ ಗೊಣಗಿಕೊಂಡೇ ಉಜ್ಜುತ್ತಿದ್ದರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ.

ದಫೇದಾರರದು ಬಲು ಕಟ್ಟುನಿಟ್ಟು. ಹೆಲ್ಮೆಟ್ ಇಲ್ಲದೆ ಬಂದ ಸ್ವಂತ ಬಾಮೈದನನ್ನೇ ನಿಲ್ಲಿಸಿ ದಂಡ ಹಾಕಿಸಿದ್ದರು. ಆ ಸಲ ಅವನು ಹಬ್ಬಕ್ಕೆ ಬರಲಿಲ್ಲ. ನನ್ನ ಸ್ಕೂಟರ್ ಮೆಟ್ಟಿಲಿಗೆ ಅಡ್ಡ ನಿಂತಿದ್ದರೆ ಹೆಸರು ಹಿಡಿದು ಕೂಗುವ ಬದಲು ಸೀಟಿ ಊದುತ್ತಿದ್ದರು. "ಇದೇನ್ ಸರ್ಕಲ್ಲಾ ದಫೇದಾರ್ರೇ?" ಎಂದರೂ ನಗುತ್ತಿರಲಿಲ್ಲ. ನಾನು ಗಾಡಿ ತೆಗೆಯುವವರೆಗೂ ಕೈ ತೋರಿಸಿಕೊಂಡೇ ನಿಂತಿರುತ್ತಿದ್ದರು.

ಠಾಣೆಯಲ್ಲಿ ಒಂದು ಕೆಲಸ ಅವರ ಪಾಲಿಗೇ ಬಂದಿತ್ತು. ಯಾರೂ ಆರ್ಡರ್ ಮಾಡಿದ್ದಲ್ಲ, ಎಲ್ಲರೂ ಮೆಲ್ಲಗೆ ಅವರಿಗೆ ಬಿಟ್ಟಿದ್ದು. ರಸ್ತೆಯಲ್ಲಿ ಯಾರಾದರೂ ಸತ್ತರೆ ಆ ಮನೆಯವರೊಂದಿಗೆ ಫೋನಿನಲ್ಲಿ ಮಾತಾಡುವುದು. ಎಷ್ಟೋ ಸಲ ಸತ್ತವರ ಮೊಬೈಲ್ ಲಾಕ್ ಆಗಿರುತ್ತಿತ್ತಂತೆ. ಮನೆಯಿಂದಲೇ ಕರೆ ಬರಲಿ ಎಂದು ಅದನ್ನು ಕೈಯಲ್ಲಿ ಹಿಡಿದು ಕಾಯಬೇಕಿತ್ತು. ಕರೆ ಬಂದರೆ ಬೇರೆಯವರು ಮುಖ ಮುಖ ನೋಡಿಕೊಳ್ಳುತ್ತಿದ್ದರಂತೆ. ಇವರೇ ಎತ್ತುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಬಂದಾಗಲೂ ಠಾಣೆಯವರು ನಂಬರ್ ಕೊಟ್ಟು ಇವರಿಗೇ ಹೇಳುತ್ತಿದ್ದರು. ಇವರು ಮೆಟ್ಟಿಲ ಮೇಲೆ ಕೂತು ಆ ಮನೆಯವರ ಜೊತೆ ಮಾತಾಡುತ್ತಿದ್ದರು. ಮೇಲೆ ಹೊಲಿಗೆ ಮೆಷಿನ್ ಮುಂದೆ ಕೂತ ನನಗೆ ಎಲ್ಲವೂ ಕೇಳಿಸುತ್ತಿತ್ತು.

ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಊಟ ಆಯ್ತಾ?"

ಆಯಿತು ಎಂದರೆ, ಸ್ವಲ್ಪ ಏಟಾಗಿದೆ, ಯಾರಾದರೂ ದೊಡ್ಡವರನ್ನು ಕರೆದುಕೊಂಡು ಆಸ್ಪತ್ರೆಗೆ ಬನ್ನಿ ಎನ್ನುತ್ತಿದ್ದರು. ಇಲ್ಲ ಎಂದರೆ, "ಉಂಡ್ಬುಡಿ, ಆಮೇಲೆ ನಾನೇ ಮಾಡ್ತೀನಿ" ಎಂದು ಫೋನ್ ಇಟ್ಟು, ಗೋಡೆ ನೋಡುತ್ತ ಕೂರುತ್ತಿದ್ದರು.

ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಕಾಲರ್ ಮಗುಚಿದ ಅಂಗಿ ಕೊಡಲು ಹೋದಾಗ ಕೇಳಿಯೇಬಿಟ್ಟೆ. "ಅಲ್ಲಿ ಹೆಣ ಇಟ್ಕೊಂಡು ಇಲ್ಲಿ ಉಣ್ಣಿ ಅಂತೀರಲ್ಲ, ಇದ್ಯಾವ ನ್ಯಾಯ?"

ಅವರು ಅಂಗಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು.

"ಸಾವಿನ್ ಮನೇಲಿ ಒಲೆ ಹತ್ತಲ್ಲ ಕಣಮ್ಮ. ಪೋಸ್ಟ್‌ಮಾರ್ಟಮ್ ಮುಗ್ದು, ಬಾಡಿ ಕೊಟ್ಟು, ಮಣ್ಣು ಮಾಡೋವರ್ಗೂ ಒಂದ್ ತೊಟ್ಟು ನೀರೂ ಇಳಿಯಲ್ಲ. ನಮ್ ಗುಬ್ಬಿ ಕಡೆ ಒಂದಜ್ಜಿ, ಸಕ್ರೆ ಕಾಯ್ಲೆ, ಮಾತ್ರೆ ನುಂಗಿ ಇನ್ನೇನ್ ಉಣ್ಬೇಕು, ನಾನು ಫೋನ್ ಮಾಡ್ದೆ. ಸಂಜೆ ಶವಾಗಾರದ ಗೇಟಲ್ಲಿ ಬಿದ್ಲು ನೋಡು... ಮಗನ್ ಜೊತೆಗೇ ಅವಳ್ನೂ ಮಣ್ ಮಾಡುದ್ರು. ಸತ್ತೋರಿಗೆ ಅವಸರ ಇಲ್ಲ. ಇರೋರು ನಿಂತ್ಕೋಬೇಕಲ್ಲ."

ನಾನು ಮತ್ತೆ ಆ ವಿಷಯ ಎತ್ತಲಿಲ್ಲ.

ಅವತ್ತು ಅಕ್ಕ ರವಿಕೆಯ ಅಳತೆ ಕೊಡಲು ಮೇಲೆ ಬಂದಿದ್ದರು. ಮಧ್ಯಾಹ್ನದ ಹೊತ್ತು. ನಾನು ಅವರ ತೋಳಿಗೆ ಟೇಪು ಸುತ್ತುತ್ತಿದ್ದಾಗ ಅವರ ಮೊಬೈಲಿಗೆ ಫೋನ್ ಬಂತು. ಠಾಣೆಯ ಇನ್ನೊಬ್ಬ ಪೊಲೀಸ್, ದಫೇದಾರರ ಜೊತೆಗೇ ಡ್ಯೂಟಿ ಮಾಡುವವರು. ಅಕ್ಕ ಸ್ಪೀಕರ್ ಹಾಕಿದರು.

"ಅಕ್ಕಾ... ಊಟ ಆಯ್ತಾ?"

"ಇಲ್ಲ ಕಣಪ್ಪ. ಅವ್ರು ಬರ್ಲಿ ಅಂತ ಕಾಯ್ತಾ ಇದೀನಿ."

ಆ ಕಡೆಯಿಂದ ಲಾರಿಗಳ ಹಾರ್ನ್ ಕೇಳಿಸುತ್ತಿತ್ತು. "ಉಂಡ್ಬುಡಿ ಅಕ್ಕ. ನಾನೇ ಆಮೇಲೆ ಮಾಡ್ತೀನಿ." ಫೋನ್ ಕಟ್ಟಾಯಿತು.

ಟೇಪು ನನ್ನ ಕೈಯಲ್ಲೇ ಇತ್ತು. ಅಕ್ಕ ನನ್ನ ಮುಖ ನೋಡಲಿಲ್ಲ. ಮೆಲ್ಲಗೆ ತೋಳು ಬಿಡಿಸಿಕೊಂಡು ಮೆಟ್ಟಿಲಿಳಿದರು. ನಾನೂ ಹಿಂದೆಯೇ ಹೋದೆ.

ಮುದ್ದೆ, ಸೊಪ್ಪಿನ ಸಾರು ಆಗಲೇ ಮಾಡಿಟ್ಟಿದ್ದರು. ಕಾಲೇಜಿನಿಂದ ಬಂದಿದ್ದ ಮಗಳನ್ನು ಕರೆದು ತಟ್ಟೆ ಹಾಕಿದರು. "ಅಪ್ಪ ಬರ್ಲಿ ತಡೀ" ಎಂದಳು ಅವಳು.

"ಉಣ್ಣು ಅಂದ್ರೆ ಉಣ್ಣು."

ಎಂದೂ ಜೋರು ಮಾಡದ ತಾಯಿ ಹಾಗೆ ಹೇಳಿದ್ದಕ್ಕೋ ಏನೋ, ಹುಡುಗಿ ತೆಪ್ಪಗೆ ಕೂತಳು. ಇನ್ನೊಂದು ಸಣ್ಣ ಮುದ್ದೆಯನ್ನೂ ಬಡಿಸಿ ಅವಳು ಮುಗಿಸುವವರೆಗೆ ಎದುರಿಗೇ ಕೂತರು. ಆಮೇಲೆ ತಾವೂ ಬಡಿಸಿಕೊಂಡರು. ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿದರು. ತುತ್ತು ಗಂಟಲಲ್ಲಿ ಇಳಿಯುವುದು ನನಗೆ ಕಾಣುತ್ತಿತ್ತು. ಅಳಲಿಲ್ಲ. ನನಗೂ ಅಳು ಬರಲಿಲ್ಲ.

ಕೈ ತೊಳೆದರು. ತಟ್ಟೆಗಳನ್ನು ಬೆಳಗಿ ಬೋರಲು ಹಾಕಿದರು. ಗ್ಯಾಸ್ ಒಲೆಯನ್ನು ಒರೆಸಿ, ಸಿಲಿಂಡರಿನ ನಾಬ್ ತಿರುಗಿಸಿ ಬಂದ್ ಮಾಡಿದರು. ಇನ್ನು ಅದನ್ನು ಹಚ್ಚುವಂತಿಲ್ಲ ಎಂದು ಅವರಿಗೆ ಗೊತ್ತಿತ್ತು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ತಾವೇ ಆ ಪೊಲೀಸಿಗೆ ಫೋನ್ ಮಾಡಿದರು.

"ಆಯ್ತು ಕಣಪ್ಪ. ಈಗ ಹೇಳು."

ದಫೇದಾರರು ಕುಣಿಗಲ್ ರಸ್ತೆಯಲ್ಲಿ ಮಗುಚಿದ ಲಾರಿಯೊಂದರ ಹತ್ತಿರ ಗಾಡಿಗಳನ್ನು ಬದಿಗೆ ಕಳಿಸುತ್ತ ನಿಂತಿದ್ದರಂತೆ. ಹಿಂದಿನಿಂದ ಟೆಂಪೊ ಬಂತಂತೆ. ಮಿಕ್ಕದ್ದು ನನಗೆ ಸರಿಯಾಗಿ ನೆನಪಿಲ್ಲ... ಶವಾಗಾರದ ಮುಂದೆ ಸಂಜೆಯವರೆಗೆ ನಿಂತಿದ್ದೆವು. ನಾನು ಬೆಳಗಿನ ತಿಂಡಿಯ ಮೇಲೇ ಇದ್ದವಳು, ತಲೆ ಸುತ್ತಿ ಕೂತುಬಿಟ್ಟೆ. ಅಕ್ಕ, ಮಗಳು ಇಬ್ಬರೂ ಕೊನೆಯವರೆಗೂ ನಿಂತೇ ಇದ್ದರು.

ಅಕ್ಕ ಈಗ ಮಗಳ ಜೊತೆ ಕುಣಿಗಲ್‌ನಲ್ಲಿದ್ದಾರೆ. ಮಗಳಿಗೆ ಅಲ್ಲಿ ತಾಲ್ಲೂಕು ಕಚೇರಿಯಲ್ಲಿ ಕೆಲಸ. ಆಗಾಗ ಮಾತಾಡುತ್ತೇವೆ. ಕೆಳಮನೆಗೆ ಬೇರೆಯವರು ಬಂದಿದ್ದಾರೆ, ಒಳ್ಳೆಯವರೇ. ಮೆಟ್ಟಿಲಿಗೆ ಸ್ಕೂಟರ್ ಅಡ್ಡ ನಿಲ್ಲಿಸಿದರೂ ಯಾರೂ ಏನೂ ಅನ್ನುವುದಿಲ್ಲ. ನನಗೆ ಅದು ಬೇಸರ.

ಮೊನ್ನೆ ಸೀರೆ ಬೀರುವಿನಲ್ಲಿಟ್ಟು, ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದೆ. ವಸಂತನರಸಾಪುರದ ಫ್ಯಾಕ್ಟರಿಯಲ್ಲಿರುವ ನನ್ನ ಮಗನ ನಂಬರಿನಿಂದ ಫೋನ್ ಬಂತು. ದಿನಾ ಬೈಕಿನಲ್ಲೇ ಹೋಗಿಬರುತ್ತಾನೆ. ಎತ್ತಿದೆ.

"ಊಟ ಆಯ್ತೇನಮ್ಮ?"

ಅವನದೇ ದನಿ. ಆದರೂ ಆಯಿತು ಎನ್ನಲು ಧೈರ್ಯ ಬರಲಿಲ್ಲ, ನನ್ನ ಬಾಯಿಗೆ ಬಂದದ್ದು ದಿನಾ ಬರುವ ಮಾತೇ.

"ಇನ್ನೂ ಇಲ್ಲ ಕಣೋ" ಎಂದೆ.