ನಾಲ್ಕು ಎಳೆ ಕೂಡದ ಬಾಗಿಲು

ನಮ್ಮೂರು ಡಾಬಕಾದಲ್ಲಿ ಮಳೆ ಕೈಕೊಟ್ಟ ವರ್ಷ ಮದುವೆಗಳು ಜಾಸ್ತಿ. ಗಡಿ ದಾಟಿ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುವವರನ್ನು ಕೂಲಿ ಗುತ್ತಿಗೆ ಹಿಡಿಯುವ ಮುಕಾದಮ ಒಬ್ಬೊಬ್ಬರಾಗಿ ಒಯ್ಯುವುದಿಲ್ಲ. ಗಂಡ ಹೆಂಡತಿ ಸೇರಿದರೆ ಒಂದು ಕೋಯ್ತಾ. ಕೋಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ, ಅಲ್ಲಿ ಅದು ಒಂದು ಜೋಡಿಯ ಹೆಸರು. ಒಂಟಿ ಗಂಡಸಿಗೆ ಕೆಲಸವಿಲ್ಲ. ಆ ವರ್ಷ ನಮ್ಮ ಅವ್ವನ ತಮ್ಮ ಒಂಟಿಯಾಗಿದ್ದ, ನಮ್ಮ ಮನೆಯಲ್ಲಿ ಅಕ್ಕ ಇದ್ದಳು. ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ. ಮೈಗೆ ಹಚ್ಚಿದ ಅರಿಷಿಣ ಆರುವ ಮೊದಲೇ ಇಬ್ಬರನ್ನೂ ಟ್ರ್ಯಾಕ್ಟರ್ ಹತ್ತಿಸಿದರು. ನಾವು ಆಯಿ ಎಂದು ಕರೆಯುತ್ತಿದ್ದ ನಮ್ಮ ಅಜ್ಜಿ ಅಂದಿನಿಂದ ಅಕ್ಕನಿಗೆ ಅತ್ತೆಯೂ ಆದಳು.

ಅವರಿಗೊಬ್ಬ ಮಗಳು ಹುಟ್ಟಿದಳು. ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ನಡೆಯಲು ಕಲಿತ ಮೇಲೆ ಇನ್ನೊಂದು ಶುರುವಾಯಿತು. ಜೋರಾಗಿ ಓಡಿದರೆ, ಬೆಚ್ಚಿಬಿದ್ದರೆ, ನಿಂತಲ್ಲೇ ಕುಸಿಯುತ್ತಿದ್ದಳು. ಗಾಳಿ ಹೊಕ್ಕಿದೆ ಎಂದು ಮೂಗಿಗೆ ಚಪ್ಪಲಿ ಹಿಡಿದರು. ಔರಾದಿನಲ್ಲಿ ಮಂತ್ರ ಹಾಕುವವನೊಬ್ಬ ಬೇವಿನ ಟೊಂಗೆಯಿಂದ ಬಾರಿಸಿದ. ಆ ಏಟಿಗೆ ಅವಳು ಅಲ್ಲೇ ಸಾಯದಿದ್ದುದು ಹೇಗೆ ಎಂದು ಈಗಲೂ ನನಗೆ ಅರ್ಥವಾಗಿಲ್ಲ.

ನಾನಾಗ ಭಾಲ್ಕಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ರಜೆ ಹಾಕಿ ಹುಡುಗಿಯನ್ನು ಬೀದರಿಗೆ ಕರೆದೊಯ್ದೆ. ಇಸಿಜಿ ಕಾಗದ ನೋಡಿದ ಡಾಕ್ಟರು ಕೇಳಿದ್ದು ಎರಡೇ ಮಾತು. ಕಿವುಡಿಯೇ? ತಂದೆತಾಯಿ ಸಂಬಂಧದಲ್ಲೇ ಮದುವೆಯಾದವರೇ? ಹೌದು, ಹೌದು ಎಂದೆ. ಮುಂದಿನದನ್ನು ಅವರು ಹೇಳಬೇಕಾಗಿರಲಿಲ್ಲ, ನಾನು ಪ್ರತಿ ವರ್ಷ ಹುಡುಗರಿಗೆ ಬೋರ್ಡಿನ ಮೇಲೆ ಬರೆದು ತೋರಿಸುವ ಪಾಠವೇ ಅದು.

ಹೃದಯ ಒಂದು ಬಡಿತ ಮುಗಿಸಿ ಮುಂದಿನದಕ್ಕೆ ಅಣಿಯಾಗಬೇಕಾದರೆ ಅದರ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಹೋಗಬೇಕು. ಅದಕ್ಕೆಂದೇ ಪೊರೆಯಲ್ಲಿ ಪ್ರೋಟೀನಿನ ಬಾಗಿಲುಗಳಿವೆ. ಪ್ರೋಟೀನು ಮೊದಲು ಉದ್ದನೆಯ ಎಳೆಯಾಗಿ ಹುಟ್ಟುತ್ತದೆ. ಜೀವಕೋಶದೊಳಗೆ ಅದು ಸರಿಯಾಗಿ ಮಡಚಿಕೊಳ್ಳಬೇಕು, ಅಂಥ ನಾಲ್ಕು ಸೇರಿ ಒಂದು ಬಾಗಿಲಾಗಬೇಕು. ಒಂದನ್ನೊಂದು ಹಿಡಿದುಕೊಳ್ಳಲು ಎಳೆಯ ಬಾಲದಲ್ಲಿ ಒಂದು ಗಂಟಿದೆ. ಬಾಲ ತುಂಡಾಗಿದ್ದರೆ ಅವು ಕೂಡುವುದಿಲ್ಲ. ಸರಿಯಾಗಿ ಮಡಚದ್ದನ್ನು, ಕೂಡದ್ದನ್ನು ಜೀವಕೋಶ ಪೊರೆಯವರೆಗೆ ಬಿಡುವುದಿಲ್ಲ. ಒಳಗೇ ಹಿಡಿದು ಚೂರು ಮಾಡುತ್ತದೆ. ಅದಕ್ಕೆ ಕರುಣೆ ಗೊತ್ತಿಲ್ಲ. ಒಳಕಿವಿಗೂ ಇದೇ ಬಾಗಿಲು ಬೇಕು, ಹಾಗಾಗಿ ಕಿವಿಯೂ ಹೋಗುತ್ತದೆ. ತಂದೆ ಕೊಟ್ಟ ಜೀನು ಕೆಟ್ಟು ತಾಯಿ ಕೊಟ್ಟದ್ದು ನೆಟ್ಟಗಿದ್ದರೆ, ಕೂಡಲಾರದ ಎಳೆಗಳು ದೂರ ಉಳಿದು ಒಳ್ಳೆಯವು ತಮ್ಮ ಪಾಡಿಗೆ ಬಾಗಿಲು ಕಟ್ಟುತ್ತವೆ. ಅಕ್ಕ, ಮಾಮ ಇಬ್ಬರೂ ಗಟ್ಟಿಮುಟ್ಟಾಗಿದ್ದುದು ಅದಕ್ಕೇ. ಇಬ್ಬರ ಕೆಟ್ಟದ್ದೂ ಸೇರಿ ಈ ಹುಡುಗಿಯ ಪಾಲಿಗೆ ಬಂದಿತ್ತು.

ದಿನಾ ಗುಳಿಗೆ ಕೊಡಬೇಕು, ಓಡಲು ಬಿಡಬಾರದು, ಓಡಿದರೆ ಪ್ರಾಣ ಹೋಗಬಹುದು. ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಇಷ್ಟನ್ನು ಬಿಡಿಸಿ ಹೇಳಿದೆ. ಆಯಿ ಕೇಳಿದ್ದು ಬೇರೆ.

"ತಪ್ಪು ಯಾರ ಕಡೀದು?"

"ಇಬ್ಬರ ಕಡೀದೂ ಅದ ಆಯಿ. ಇಬ್ಬರಿಗೂ ಬಂದಿದ್ದು ನಿನ್ನ ಮನಿಯಿಂದ."

ಬೇಕೆಂದೇ ಹೇಳಿದೆ. ಅವಳ ಮುಖ ಕಪ್ಪಿಟ್ಟಿದ್ದು ನೋಡಿ ನನಗೆ ಖುಷಿಯಾಯಿತು.

ಆ ವರ್ಷವೂ ಮಳೆ ಬರಲಿಲ್ಲ. ಮಾಮ, ಅಕ್ಕ ಕಬ್ಬಿಗೆ ಹೊರಟರು. ಹುಡುಗಿಯನ್ನು ಭಾಲ್ಕಿಗೆ ಒಯ್ಯುತ್ತೇನೆ ಎಂದೆ. ಆಯಿ ಒಪ್ಪಲಿಲ್ಲ. ಊರಿಗೆ ಬರುತ್ತಿದ್ದುದು ಟ್ಯಾಂಕರಿನ ನೀರು. ಪಾಳಿಯಲ್ಲಿ ನಿಂತ ತಲೆಗೆ ಎರಡು ಕೊಡ ಎಂದು ಊರವರೇ ಕಟ್ಟು ಮಾಡಿಕೊಂಡಿದ್ದರು. ಕಿವುಡಿಯಾದರೂ ತಲೆ ತಲೆಯೇ. ಅವಳು ಹೋದರೆ ಅವಳ ಪಾಲಿನ ನೀರು ಭಾಲ್ಕಿಯಿಂದ ಹೊತ್ತು ತರುತ್ತೀಯೇನು ಎಂದು ಆಯಿ ನನ್ನನ್ನೇ ಜಾಡಿಸಿದಳು. ಮಾಮ ತಾಯಿಯ ಮಾತಿಗೆ ತಲೆಯಾಡಿಸಿದ. ಅಕ್ಕ ಗಂಟುಮೂಟೆ ಕಟ್ಟುತ್ತಲೇ ಇದ್ದಳು. ಅವಳ ಕಪಾಳಕ್ಕೆ ಹೊಡೆಯಬೇಕೆನಿಸಿತು ನನಗೆ.

ಆಯಿ ಗುಳಿಗೆ ತಪ್ಪಿಸಲಿಲ್ಲ, ಅಷ್ಟು ಮಾತ್ರ ಹೇಳಬೇಕು. ಆದರೆ ಟ್ಯಾಂಕರಿನ ಹಾರ್ನು ಹುಡುಗಿಗೆ ಕೇಳುತ್ತಿರಲಿಲ್ಲ. ಉಳಿದವರು ಓಡುವುದು ಕಂಡ ಮೇಲೆ ಅವಳು ಕೊಡ ಎತ್ತಿಕೊಳ್ಳುತ್ತಿದ್ದಳು. ಹಿಂದೆ ಬಿದ್ದವಳು ಎಲ್ಲರಿಗಿಂತ ಜೋರಾಗಿ ಓಡಬೇಕಾಗುತ್ತಿತ್ತು. ತಡವಾದರೆ ಮನೆಯಲ್ಲಿ ಬೈಗುಳ ಕಾದಿರುತ್ತಿತ್ತು.

ಒಂದು ಭಾನುವಾರ ನಾನು ಬಸ್ಸಿಳಿದು ಬರುತ್ತಿದ್ದಾಗ ಅವಳು ಓಡುತ್ತಿದ್ದುದು ಕಂಡಿತು. ಕೂಗಿದೆ. ಯಾರನ್ನು ಕೂಗುತ್ತಿದ್ದೇನೆ ಎನ್ನುವುದನ್ನೂ ಮರೆತು ಕೂಗಿದೆ. ಟ್ಯಾಂಕರಿನ ಹತ್ತಿರ ಅವಳು ಮಕಾಡೆ ಬಿದ್ದಳು. ಪಾಳಿಯಲ್ಲಿದ್ದವರು ಬಿದ್ದವಳನ್ನು ಸುತ್ತುಹಾಕಿ ಮುಂದೆ ಸರಿದರು. ನಾನು ಹೋಗಿ ಅವಳನ್ನು ಮಗುಚಿ ಎದೆ ಒತ್ತತೊಡಗಿದೆ, ತೋಳು ಸೋತು ಬೀಳುವ ತನಕ ಒತ್ತಿದೆ. ನೆರೆಯ ಹೆಂಗಸೊಬ್ಬಳು ತನ್ನ ಕೊಡದಿಂದ ಅವಳ ಮುಖಕ್ಕೆ ನೀರು ಸುರಿದಳು. ಆಯಿ ಬಂದು ಆ ಹೆಂಗಸಿನ ಕೈ ಹಿಡಿದಳು.

"ಸತ್ತಕೀ ಮ್ಯಾಲ ಯಾಕ ಚೆಲ್ತೀ? ಅಕೀ ಪಾಳಿ ಇನ್ನೂ ಅದ."

ಹಾಗೆಂದು ಹುಡುಗಿಯ ಕೊಡ ಎತ್ತಿಕೊಂಡು ಪಾಳಿಯಲ್ಲಿ ನಿಂತಳು. ಯಾರೂ ಬೇಡ ಎನ್ನಲಿಲ್ಲ.

ಸಂಜೆ ಹೆಣಕ್ಕೆ ಸ್ನಾನ ಮಾಡಿಸಲು ಅವಳ ಪಾಲಿನ ಆ ಎರಡು ಕೊಡಗಳೇ ಇದ್ದವು. ಒಂದರಲ್ಲೇ ಮುಗಿಸು, ಇನ್ನೊಂದು ನಾಳೆಗೆ ಬೇಕು ಎಂದಳು ಆಯಿ. ನಾನು ಎರಡನ್ನೂ ಹುಡುಗಿಯ ಮೈಮೇಲೆ ಸುರಿದೆ.