ಇಳಿದ ಬೆಲೆ ವಾಪಸ್ ಕೊಟ್ಟ ಅಣ್ಣಾರು

ನನ್ನ ಓದು ನಿಂತದ್ದು 1987ರಲ್ಲಿ, ಎಂಟನೇ ಕ್ಲಾಸಿನಲ್ಲಿ. ಅಂದಿನಿಂದ ಹಗರಿಬೊಮ್ಮನಹಳ್ಳಿಯಲ್ಲಿ ಟೈರು ಬಿಚ್ಚುತ್ತ ಬೆಳೆದವನು, ಯಾರ ಮುಂದೆಯೂ ಕೈ ಚಾಚಿದವನಲ್ಲ. ಬರೆಯುವುದರಲ್ಲಿ ಅಲ್ಲಲ್ಲಿ ತಪ್ಪಿದ್ದರೆ ಇರಲಿ, ಹೇಳುವುದರಲ್ಲಿ ತಪ್ಪಿಲ್ಲ.

ಹೋದ ವಾರ ಹಡಗಲಿ ಕಡೆಯ ಹಳೆಯ ಕಾರೊಂದು ನನ್ನ ಅಂಗಡಿ ಮುಂದೆ ನಿಂತಿತು. ಸ್ಟೆಪ್ನಿ ತೆಗೆಯಲು ಡಿಕ್ಕಿ ಎತ್ತಿದೆ. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಮೂಲೆಯಲ್ಲಿ ಸೀಡಿ ಇಡುವ ತೆಳ್ಳನೆಯ ಡಬ್ಬಿಗಳು ಬಿದ್ದಿದ್ದವು. ಬೋಲ್ಟು ಬಿಚ್ಚುವ ಪಾನಾ ಕೈಯಲ್ಲೇ ಉಳಿಯಿತು. ಅಣ್ಣಾರ ಅಂಗಡಿಯ ವಾಸನೆ ಅದು...

ನನ್ನ ಪಂಕ್ಚರ್ ಅಂಗಡಿಗೂ ಅವರ ಕ್ಯಾಸೆಟ್ ಅಂಗಡಿಗೂ ನಡುವೆ ಆಗ ಒಂದೇ ಗೋಡೆ. ಹಾಡಿನ ಹೆಸರು ಹೇಳಿದರೆ ಸಾಕು, ಸಂಜೆಯೊಳಗೆ ಕ್ಯಾಸೆಟ್ಟಿಗೆ ತುಂಬಿ ಕೊಡುತ್ತಿದ್ದರು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಕ್ಯಾಸೆಟ್ ತುಂಬುವ ಯಂತ್ರಗಳಲ್ಲಿ ಒಂದನ್ನು ಉಳಿಸಿಕೊಂಡು ಮಿಕ್ಕವನ್ನೆಲ್ಲ ಮಾರಿ, ಒಂದು ಕಂಪ್ಯೂಟರನ್ನೂ ಸೀಡಿ ಬರೆಯುವ ಯಂತ್ರವನ್ನೂ ತಂದರು. ಹುಬ್ಬಳ್ಳಿಯಿಂದ ಖಾಲಿ ಸೀಡಿಗಳೂ ಬಂದವು. ಹಾಡು ತುಂಬಿದ ಒಂದು ಸೀಡಿಗೆ ನೂರು ರೂಪಾಯಿ. ಅವರ ಮೊದಲ ಗಿರಾಕಿ ನಾನೇ. ನಮ್ಮ ಮನೆಯಲ್ಲಿ ಪ್ಲೇಯರ್ ಇರಲಿಲ್ಲ. ಅದು ಬೇರೆ ಮಾತು.

ಒಬ್ಬ ಟೆಂಪೋ ಡ್ರೈವರ್ ಸೀಡಿಯನ್ನು ಮುಖದ ಮುಂದೆ ಹಿಡಿದು ನಕ್ಕಿದ್ದ. "ಏನ್ರಿ ಅಣ್ಣಾರ, ಕ್ಯಾಸೆಟ್ಟಿನ ನಾಕು ಪಟ್ಟು ರೇಟು! ನನ್ನ ಟೆಂಪೋದಾಗ ಇದನ್ನ ಎಲ್ಲಿ ತುರುಕ್ಲಿ? ಕನ್ನಡಿ ಮಾಡ್ಕೊಂಡು ಕ್ರಾಪ್ ತೀಡ್ಕೊಳ್ಳಲೇನು?"

"ತೀಡ್ಕೋ ತಮ್ಮಾ, ಅದಕ್ಕೂ ಬರ್ತೈತಿ. ರೊಕ್ಕ ಕೊಟ್ಟು ತೀಡ್ಕೋ," ಅಂದರು ಅಣ್ಣಾರು.

ಆದರೂ ನಿಧಾನವಾಗಿ ಜನ ಬಂದರು. ಸವೆದ ಕ್ಯಾಸೆಟ್ ತರುತ್ತಿದ್ದರು. ತೀರಿಕೊಂಡ ಹಿರಿಯರ ಭಜನೆ, ಮದುವೆಯ ಸೋಬಾನೆ ಪದ... ಅಂಥದ್ದನ್ನು ಸೀಡಿಗೆ ಏರಿಸಿಕೊಡುವಾಗ ಅಣ್ಣಾರು ಒಂದು ಮಾತು ಸೇರಿಸುತ್ತಿದ್ದರು: "ಸೀಡಿ ಹಾಡೋದು ನಿಂತ್ರ ತಗೊಂಡ್ ಬರ್ರಿ. ನಾನಿರೋ ತನಕ ಹೊಸಾದು ಮಾಡಿ ಕೊಡ್ತೀನಿ."

ವರ್ಷ ತುಂಬುವುದರೊಳಗೆ ಅವರು ನನ್ನ ಅಂಗಡಿಗೆ ಬಂದು, ಮಗುಚಿ ಹಾಕಿದ ಟೈರಿನ ಮೇಲೆ ಕುಳಿತರು.

"ತಮ್ಮಾ, ಹುಬ್ಬಳ್ಯಾಗ ಖಾಲಿ ಸೀಡಿ ಅರ್ಧಕ್ಕ ಬಂದೈತಿ."

"ಚಲೋ ಆತಲ್ರಿ. ನೀವೂ ಇಳಸ್ರಿ."

"ಇಳಸಿದ್ರ ನೂರು ಕೊಟ್ಟು ಒಯ್ದೋರ ಮುಖ ಹೆಂಗ ನೋಡ್ಲಿ? ಎಲ್ಲಾರೂ ಸಂತ್ಯಾಗ ಎದುರಾಗೋ ಮಂದಿ. ಇಳಸದಿದ್ರ ಹೊಸಬ್ರು ಬರಾಂಗಿಲ್ಲ." ಸುಮ್ಮನೆ ನಕ್ಕರು. "ಬಾವ್ಯಾಗ ಇಳದ ಮ್ಯಾಲೆ ಹಗ್ಗಾನೂ ಒಳಗ ಬಿದ್ದಂಗ ಆತು ನೋಡು."

ಅದಕ್ಕೆ ಅವರು ಹುಡುಕಿದ ದಾರಿ ಯಾವ ವ್ಯಾಪಾರಿಗೂ ಹೊಳೆಯುವಂಥದ್ದಲ್ಲ. ಬೆಲೆ ಐವತ್ತಕ್ಕೆ ಇಳಿಸಿದರು. ಹಿಂದೆ ನೂರು ಕೊಟ್ಟವರಿಗೆಲ್ಲ ಐವತ್ತು ವಾಪಸ್ ಕೊಡಲು ಹೊರಟರು. ಮೊದಲು ನನಗೇ ಕೊಡಲು ಬಂದರು. ನಾನು ಮುಟ್ಟಲಿಲ್ಲ. ಕೊಟ್ಟದ್ದನ್ನು ತಿರುಗಿ ಇಸಿದುಕೊಳ್ಳುವ ಜಾತಿ ನನ್ನದಲ್ಲ. "ಹಂಗಾದ್ರ ನಿನ್ನ ಗಾಡಿ ಪೆಟ್ರೋಲಿಗೆ ಹಾಕು. ಹಂಪಸಾಗರಕ್ಕ ಹೋಗಿ ಬರೋಣ ನಡಿ," ಅಂದರು.

ಹಂಪಸಾಗರದಲ್ಲಿ ಅವರ ಗಿರಾಕಿಯಾಗಿದ್ದ ಮನೆಯೊಡತಿ ನಮ್ಮನ್ನು ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟಳು. ಅಣ್ಣಾರು ಆಕೆಯ ತೀರಿಕೊಂಡ ಮಾವನ ಭಜನೆಯ ಸೀಡಿ ಹೇಗಿದೆ ಎಂದು ಕೇಳಿದರು. ಆಕೆ ಒಳಗೆ ಹೋಗಿ ದೇವರ ಮಾಡದಿಂದ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಮಿರುಗುವ ಬದಿಗೆ ಮೂರು ಬೆರಳಿನ ವಿಭೂತಿ ಪಟ್ಟೆ, ನಡುವಿನ ತೂತಿನ ಸುತ್ತ ಕುಂಕುಮ.

"ಯವ್ವಾ, ಇದಕ್ಕ ವಿಭೂತಿ ಹಚ್ಚಿದ್ರ ಹಾಡಾಂಗಿಲ್ಲಬೇ!"

"ಹಾಡ್ಸಾಕ ಯಾರು ಹೊಂಟಾರ? ಹಿರೇರ ದನಿ ಐತಿ ಅದರಾಗ. ಬರೇ ಹಣೀಲಿ ಇಡಾಕ ಬರ್ತೈತೇನು?"

ಅಣ್ಣಾರು ಜೇಬಿನಿಂದ ಐವತ್ತು ತೆಗೆದು ಆಕೆಯ ಮುಂದಿಟ್ಟರು. ಆಕೆಯ ಮುಖ ಕಪ್ಪಿಟ್ಟಿತು.

"ಇದ್ಯಾಕ್ರಿ? ಮಾವನ ದನಿ ಅಳಿಸಿ ಹೋಗ್ತೈತೇನು?"

"ಇಲ್ಲಬೇ ಯವ್ವಾ."

"ಹಂಗಾದ್ರ ರೊಕ್ಕ ಯಾಕ ತಿರುಗಿ ಕೊಡ್ತೀರಿ?"

ನಾನು ಬಾಯಿ ಹಾಕಿದೆ. "ಬೆಲಿ ಇಳದೈತ್ರಿ, ಅದಕ್ಕ."

"ಸುಳ್ಳು ಹೇಳಬ್ಯಾಡೋ ಹುಡುಗಾ. ನಾವು ಉಳ್ಳಾಗಡ್ಡಿ ಮಾರಿದ ಮ್ಯಾಲೆ ಬೆಲಿ ಇಳದ್ರ ಯಾರಿಗರ ವಾಪಸ್ ಕೊಟ್ಟೀವೇನು? ಮಾಲಿನಾಗ ಏನೋ ದೋಷ ಐತಿ."

ಅಣ್ಣಾರು ನೋಟನ್ನು ಕಟ್ಟೆಯ ಮೇಲೆಯೇ ಬಿಟ್ಟು ಎದ್ದರು. ಬಂದ ಹಾದಿಯ ಕಡೆ ಒಮ್ಮೆ ನೋಡಿದರು. ಆ ಮುಖ ನನಗೆ ಇನ್ನೂ ಕಾಣುತ್ತದೆ.

ಮುಂದಿನ ಸಂತೆಯ ಹೊತ್ತಿಗೆ ಊರೆಲ್ಲ ಒಂದೇ ಮಾತು. ರೊಕ್ಕ ವಾಪಸ್ ಕೊಡಾಕತ್ಯಾನಂತ, ಅವನ ಸೀಡಿ ಕೆಟ್ಟಾವಂತ. ಅಷ್ಟರಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಹೊಸ ಅಂಗಡಿ ಬಂತು. ಒಂದೇ ಸೀಡಿಯಲ್ಲಿ ನೂರು ಹಾಡು, ಇಪ್ಪತ್ತೇ ರೂಪಾಯಿ, ಓಡಿದರೆ ಓಡಿತು. ಜನ ಅಲ್ಲಿ ಮುಗಿಬಿದ್ದರು. ಅಲ್ಲಿ ಯಾರೂ ದೋಷ ಕೇಳಲಿಲ್ಲ.

ಅಣ್ಣಾರ ಹೆಂಡತಿಯ ತಮ್ಮ ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಬಂದು ಗಲ್ಲಾದ ಮೇಲೆ ಕೂತುಕೊಳ್ಳಿ ಎಂದು ಕರೆದ. ನಾನೂ ಹೇಳಿದೆ, ಹೋಗ್ರಿ ಅಂತ.

"ಮಾತು ಕೊಟ್ಟೀನಲ್ಲೋ ತಮ್ಮಾ. ಯಾರರ ಸೀಡಿ ನಿಂತು ಹುಡುಕ್ಕೊಂಡು ಬಂದ್ರ?"

ಬಾಡಿಗೆ ಕಟ್ಟಲಾಗದೆ ಅಂಗಡಿ ಬಿಟ್ಟ ದಿನ ಕಂಪ್ಯೂಟರನ್ನು ಮನೆಯ ಪಡಸಾಲೆಗೆ ಸಾಗಿಸಿದರು. "ಕೇಳ್ಕೊಂಡು ಬಂದ್ರ ಮನಿ ತೋರ್ಸು," ಎಂದು ನನಗೆ ಹೇಳಿ ಹೋದರು. ಕೊಟ್ಟೂರಿನಲ್ಲಿ ಮೊಮ್ಮಗನ ಜವಳ ಇದ್ದಾಗಲೂ ಹೆಂಡತಿಯನ್ನು ಕಳಿಸಿ ತಾವು ಉಳಿದರು. ಬಾಗಿಲು ತೆರೆದೇ ಇರುತ್ತಿತ್ತು. ಒಳಗೆ ಅವರು, ಬಟ್ಟೆ ಹೊದಿಸಿದ ಯಂತ್ರ, ಹೊಸ ಮಾಲಿನ ಆ ವಾಸನೆ... ನಾನು ಆಗಾಗ ಹೋಗಿ ಕುಳಿತು ಬರುತ್ತಿದ್ದೆ. ನನ್ನ ಹೆಜ್ಜೆ ಸಪ್ಪಳಕ್ಕೆ ಪ್ರತಿ ಸಲ ಎದ್ದು ನಿಲ್ಲುತ್ತಿದ್ದರು. ನಾನೆಂದು ಕಂಡು ಮತ್ತೆ ಕೂರುತ್ತಿದ್ದರು. ಒಂದು ಬೇಸಿಗೆಯಲ್ಲಿ, ಅದೇ ಪಡಸಾಲೆಯಲ್ಲಿ, ತೀರಿಕೊಂಡರು.

ಈಗ ಸೀಡಿಯೂ ಇಲ್ಲ, ಕೇಳುವವರೂ ಇಲ್ಲ. ಹಾಡೆಲ್ಲ ಫೋನಿಗೆ ಹೋದವು. ಈಗ ನನಗಿರುವುದು ಸ್ವಂತ ಅಂಗಡಿ ಒಂದು, ಗಾಳಿ ಯಂತ್ರ ಎರಡು, ಕೆಲಸದವರು ಮೂವರು, ಆರ್‌ಸಿಸಿ ಮನೆ ಒಂದು, ಹೆಣ್ಣುಮಕ್ಕಳು ಇಬ್ಬರು. ಅಣ್ಣಾರ ಮನೆ ಎಲ್ಲಿ ಎಂದು ಕೇಳಿಕೊಂಡು ಬಂದವರು ಇವತ್ತಿನವರೆಗೆ ಒಬ್ಬರೂ ಇಲ್ಲ.