ಕೋಟಿನ ಮೇಲೆ ಜೋಳಿಗೆ

ಬೆಳಗಾವಿ, ಧಾರವಾಡಗಳೂ ಮುಂಬಯಿ ರಾಜ್ಯದಲ್ಲೇ ಇದ್ದ ಕಾಲ. ಮಾಟುಂಗದ ಚಾಳಿನ ಒಂದು ಖೋಲಿಯಲ್ಲಿ ನಮ್ಮ ಸಂಸಾರ. ನಮ್ಮ ಮನೆಯವರು ಫೋರ್ಟ್ ಕಡೆ ಒಂದು ಕಂಪನಿಯಲ್ಲಿ ಗುಮಾಸ್ತರು. ಕೋಟು ತೊಟ್ಟು ಲೋಕಲ್ ಹಿಡಿಯುವ ಅಳಿಯ ಸಿಕ್ಕನೆಂದು ನನ್ನ ತವರಿನವರಿಗೆ ದೊಡ್ಡ ಹೆಮ್ಮೆ. ನಾವು ಜಂಗಮರು, ಅಯ್ಯನವರ ಪೈಕಿ. ಹಿಂದಿನವರು ಜೋಳಿಗೆ ಹಿಡಿದು ಮನೆಮನೆಗೆ ಭಿಕ್ಷೆಗೆ ಹೋಗುತ್ತಿದ್ದರು. ನನ್ನಪ್ಪ ಮಾಸ್ತರಿಕೆ ಸಿಕ್ಕ ದಿನವೇ ಅದನ್ನು ಗೂಟಕ್ಕೆ ಹಾಕಿದವರು. ಅದು ಮತ್ತೆ ನನ್ನ ಮನೆ ಹೊಕ್ಕೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಹೊಕ್ಕಿತು. ನಮ್ಮ ಗುರುಗಳು ಮುಂಬಯಿಗೆ ಬಂದಾಗ, ದರ್ಶನಕ್ಕೆ ಹೋದ ಇವರ ಹೆಗಲಿಗೆ ಕಾವಿ ಬಟ್ಟೆಯ ಜೋಳಿಗೆ ಹಾಕಿ ಕಳಿಸಿದರು. ನಮ್ಮ ಕಡೆಯ ರೋಗಿಗಳು ಇಲ್ಲಿನ ದೊಡ್ಡಾಸ್ಪತ್ರೆಗೆ ಬರುತ್ತಾರೆ, ಅವರ ಜೊತೆಗೆ ಬಂದವರು ಫುಟ್‌ಪಾತಿನಲ್ಲಿ ಉಪವಾಸ ಬೀಳುತ್ತಾರೆ. ಸೋಮವಾರಕ್ಕೊಮ್ಮೆ ಭಿಕ್ಷೆ ಬೇಡಿ ಅವರಿಗೆ ಉಣಿಸು ಎಂದು ಅಪ್ಪಣೆ. ಯಾವ ಬಾಗಿಲನ್ನೂ ಬಿಡಬಾರದು, ಹಾಕಿದ್ದನ್ನು ಬೇಡ ಅನ್ನಬಾರದು, ಹಾಕಿದವರ ತಲೆ ಮುಟ್ಟಿ ಹರಸದೆ ಹೊರಡಬಾರದು. ಒಂದು ಸೋಮವಾರ ತಪ್ಪಿದರೂ ಜೋಳಿಗೆ ಮಠಕ್ಕೆ ವಾಪಸು.

“ಹೂಂ ಅಂದು ಬಂದ್ರೇನು?” ಎಂದೆ.

“ಗುರು ಹೇಳಿದ ಮ್ಯಾಲೆ ಮತ್ತೇನದ? ಹೊರಸಾಂವ ಶಿವ, ನಡಸಾಂವನೂ ಅವನ.”

“ರೊಟ್ಟಿ ಬಡಿಯಾಕಿ ನಾನು. ಅದನ್ನ ಅವಗ ಹೇಳಿದ್ರಿಲ್ಲೋ?”

ಆಫೀಸಿಗೆ ತಡವಾಗಬಾರದಲ್ಲ, ಸೋಮವಾರ ಬೆಳಿಗ್ಗೆ ಕೋಟು ತೊಟ್ಟು ಅದರ ಮೇಲೆಯೇ ಜೋಳಿಗೆ ಹಾಕಿಕೊಂಡು “ಕೋರಾನ್ನ ಭಿಕ್ಷಾ” ಎಂದು ಅಕ್ಕಿ, ಹಿಟ್ಟು ಬೇಡುತ್ತ ಹೊರಡುವರು. ಚಾಳಿಗೆ ಚಾಳೇ ಬೆರಗಾಯಿತು. ಮೂಲೆಮನೆಯ ಮರಾಠಿ ಅಜ್ಜಿ “ಕಾಯ್ ಸಾಹೇಬ್, ನೋಕರಿ ಗೇಲಿ ಕಾ?” ಎಂದು, ಕೆಲಸ ಹೋಯಿತೆಂದೇ ನಂಬಿ, ತನ್ನ ತೀರಿಹೋದ ಗಂಡನ ಅಂಗಿಯೊಂದನ್ನು ಜೋಳಿಗೆಗೆ ಹಾಕಿದಳು. ಬೇಡ ಅನ್ನುವಂತಿಲ್ಲ. ಅಂಗಿ ಆ ಸಂಜೆಯೇ ಫುಟ್‌ಪಾತಿನ ಯಾರದೋ ಮೈಮೇಲೆ ಹೋಯಿತು. ಅಜ್ಜಿಯ ಮರುಕ ಮಾತ್ರ ಕಡೆಯವರೆಗೂ ಹೋಗಲಿಲ್ಲ. ನಾನು ಸೋಮವಾರ ಬೆಳಗಾದರೆ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದೆ. ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು. ಆದರೂ ಬಂದ ಅಕ್ಕಿ ಬೇಯಿಸಿ, ಬಂದ ಹಿಟ್ಟಿನಲ್ಲಿ ರೊಟ್ಟಿ ಬಡಿದು, ಸಂಜೆಗೆ ಗಂಟು ಕಟ್ಟಿಕೊಡುತ್ತಿದ್ದೆ. ಹಸಿದವರ ಮೇಲೆ ನನಗೇನು ಸಿಟ್ಟು?

ಸಿಟ್ಟಿದ್ದದ್ದು ಎದುರು ಖೋಲಿಯ ಮಂಗಳೂರಿನಾಕೆಯ ಮೇಲೆ. ನಳದ ಬಳಿ ಸರದಿ ಮುರಿದು ನನ್ನ ಕೊಡವನ್ನು ಕಾಲಿನಿಂದ ಸರಿಸಿದ್ದಳು. ಕಾಲಿನಿಂದ! ಅಂದಿನಿಂದ ಮಾತಿಲ್ಲ, ಕತೆಯಿಲ್ಲ. “ಆಕಿ ಬಾಗಲಕ್ಕ ಮಾತ್ರ ಹೋಗಬ್ಯಾಡ್ರಿ” ಎಂದು ಇವರಿಗೆ ತಾಕೀತು ಮಾಡಿದ್ದೆ. ಇವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬಾಗಿಲು ಹಾಕಿಕೊಂಡು ಕೂತವಳಿಗೆ ಹೋದದ್ದು, ಬಿಟ್ಟದ್ದು ಹೇಗೆ ತಿಳಿಯಬೇಕು?

ಮಳೆಗಾಲದ ಒಂದು ಸೋಮವಾರ ಇವರಿಗೆ ಕೆಂಡದಂಥ ಜ್ವರ. ಎದ್ದು ಕೋಟಿನ ಒಂದು ತೋಳು ತೊಟ್ಟರು. ಇನ್ನೊಂದು ತೊಡುವುದರೊಳಗೆ ಹಾಸಿಗೆಯ ಮೇಲೆ ಕುಸಿದರು. “ಜೋಳಿಗಿ ಹೋತು” ಎಂದು ಗೋಡೆಯ ಕಡೆ ಮುಖ ತಿರುಗಿಸಿದರು. ಆ ಕಣ್ಣಲ್ಲಿ ನಾನು ಎಂದೂ ನೀರು ಕಂಡಿರಲಿಲ್ಲ. ಗುರುಗಳ ಮೇಲೆ ಸಿಟ್ಟು, ದೇವರ ಮೇಲೆ ಸಿಟ್ಟು. ಆ ಸಿಟ್ಟಿನಲ್ಲೇ ಜೋಳಿಗೆಯನ್ನು ಗೂಟದಿಂದ ಕಿತ್ತು ನನ್ನ ಹೆಗಲಿಗೆ ಹಾಕಿಕೊಂಡೆ.

“ಹೆಂಗಸರು ಹೋಗಬಾರದಂತ ಗುರುಗಳು ಹೇಳ್ಯಾರೇನು?”

“ಇಲ್ಲ.”

“ಮತ್ತ ಸುಮ್ನ ಮಲಕೋರಿ.”

ಮೊದಲ ಬಾಗಿಲಲ್ಲಿ ನಾನು ಕೂಗುವ ಮೊದಲೇ ಆ ಮನೆಯಾಕೆ ಅಕ್ಕಿ ತಂದು ಹಾಕಿದಳು. ಮರಾಠಿ ಅಜ್ಜಿ ನನ್ನನ್ನು ಕಂಡು ಹಣೆ ಚಚ್ಚಿಕೊಂಡಳು. ಗಂಡನ ಕೆಲಸ ಹೋದದ್ದಲ್ಲದೆ ಈಗ ಹೆಂಡತಿಯೂ ಬೀದಿಗೆ ಬಂದಳಲ್ಲ! ಬಾಗಿಲಿನಿಂದ ಬಾಗಿಲಿಗೆ ಜೋಳಿಗೆ ಭಾರವಾಯಿತು. ನನ್ನ ಮನಸ್ಸು ಹಗುರಾಯಿತೆಂದು ಮಾತ್ರ ಹೇಳಲಾರೆ. ಕೊನೆಗೆ ಉಳಿದದ್ದು ಎದುರು ಖೋಲಿ.

ಕಂಡೂ ಕಾಣದಂತೆ ನಮ್ಮ ಮನೆಯೊಳಗೆ ನುಗ್ಗಿಬಿಡಬಹುದಿತ್ತು. ಆದರೆ ಒಳಗೆ ಮಲಗಿದವರು “ಯಾವ ಬಾಗಲಾನೂ ಬಿಟ್ಟಿಲ್ಲ ಹೌದಿಲ್ಲೋ?” ಎಂದು ಕೇಳಿದರೆ ಏನು ಹೇಳಲಿ? ಶಿವನೇ, ನೀನೇ ನೋಡಿಕೋ ಎಂದುಕೊಂಡು ನಿಂತೆ. “ಕೋರಾನ್ನ ಭಿಕ್ಷಾ.”

ಬಾಗಿಲು ತಟ್ಟನೆ ತೆರೆಯಿತು. ಆಕೆಯ ಕೈಯಲ್ಲಿ ಮೊರದ ತುಂಬ ಅಕ್ಕಿ.

“ಇವತ್ತು ತಡ ಆಯ್ತಲ್ಲ, ನಮ್ಮ ಮನೆ ಬಿಟ್ಟು ಹೋದ್ರಾ ಅಂತ ಹೆದರಿದ್ದೆ ಮಾರಾಯ್ರೆ,” ಎಂದವಳು ನನ್ನನ್ನು ಕಂಡು ಅಲ್ಲೇ ನಿಂತಳು.

ಅಂದರೆ ಇವರು ಪ್ರತಿ ಸೋಮವಾರ ಇಲ್ಲಿ ನಿಂತಿದ್ದರು. ಆಕೆಯ ಅಕ್ಕಿಯನ್ನು ನಾನೇ ಆರಿಸಿ, ನಾನೇ ತೊಳೆದು ಬೇಯಿಸಿದ್ದೆ.

ಆಕೆ ಅಕ್ಕಿ ಸುರಿದು, ಬಗ್ಗಿ ನನ್ನ ಕಾಲು ಮುಟ್ಟಿದಳು. ನನ್ನದಲ್ಲ, ಜೋಳಿಗೆಯ ಕಾಲು ಅನ್ನಿ. ನನ್ನ ಕೊಡ ಒದ್ದವಳು! ಹರಸದೆ ಹೊರಡುವಂತಿಲ್ಲ. ಆಕೆಯ ತಲೆಯ ಮೇಲೆ ಕೈಯಿಟ್ಟೆ. ಉಳಿದ ಮನೆಗಳಲ್ಲಿ ಸರಾಗವಾಗಿ ಬಂದ ‘ಶಿವ ಒಳ್ಳೇದು ಮಾಡಲಿ’ ಇಲ್ಲಿ ಬರಲಿಲ್ಲ. ಬಾಯಿಂದ ಬಂದದ್ದೇ ಬೇರೆ.

“ನಾಳೆ ನಳಕ್ಕ ನೀರು ಬಂದ್ರ ನೀವ ಮೊದಲ ತುಂಬ್ಕೋರಿ.”

ಆಕೆ ಎದ್ದು ಸೆರಗಿನಿಂದ ಕಣ್ಣೊರೆಸಿಕೊಂಡು, “ನಿಮ್ಮ ಯಜಮಾನ್ರಿಗೆ ಎಂತ ಆಯ್ತು?” ಎಂದಳು. ಜ್ವರ ಎಂದೆ. ಅಷ್ಟೇ ನಮ್ಮ ಮಾತು.

ಜೋಳಿಗೆ ಉಳಿಯಿತು. ಮರುದಿನ ನಳದ ಬಳಿ ಹಿಂದೆ ಸರಿದು ನಿಂತೆ. ಆಕೆ ಕೊಡ ತುಂಬಿದಳು, ಬಿಂದಿಗೆ ತುಂಬಿದಳು, ಬಾಲ್ದಿ ತುಂಬಿದಳು, ಕೊನೆಗೆ ಒಂದು ಚೊಂಬನ್ನೂ ಬಿಡಲಿಲ್ಲ. ನಾನು ಕೊಡ ಇಡುವುದಕ್ಕೂ ನೀರು ನಿಲ್ಲುವುದಕ್ಕೂ ಸರಿಹೋಯಿತು. ಹರಸಿದವಳು ನಾನೇ, ಯಾರನ್ನು ಬೈಯಲಿ? ಖಾಲಿ ಕೊಡ ಕಂಡು, ನಡೆದದ್ದು ಕೇಳಿ, ಇವರು ಜ್ವರದಲ್ಲೂ ನಕ್ಕರು.

“ಹಾಕಿದ್ದನ್ನ ಬ್ಯಾಡ ಅನ್ನಬಾರದು,” ಎಂದರು.

ನನಗೆ ಸಿಟ್ಟು ನೆತ್ತಿಗೇರಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಈ ಮನುಷ್ಯ ಕೋಟಿನ ಮೇಲೆ ಇಷ್ಟು ಸೋಮವಾರ ಅಕ್ಕಿಯ ಜೊತೆಗೆ ಇನ್ನೇನೇನು ಹೊತ್ತಿದ್ದರೆಂದು ಆ ಖಾಲಿ ಕೊಡ ಹಿಡಿದು ನಿಂತಾಗಲೇ ನನಗೆ ತಿಳಿದದ್ದು. ಮುಂದಿನ ಸೋಮವಾರ ಅವರು ಹೊರಟಾಗ ನಾನು ಬಾಗಿಲು ಹಾಕಿಕೊಳ್ಳಲಿಲ್ಲ.